ಉಪ್ಪರಿಗೆಗೆ ಅಡಿಕೆ ಗೋಣಿ: ಅಟ್ಟಿ ಹಾಕುವ ಮುನ್ನ ಭಾರ ಲೆಕ್ಕ ಹಾಕಿ

ಧಾರಣೆ ಏರೀತೆಂದು ಚಾಲಿ ಅಡಿಕೆಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರಿಗೆ ಹೊಸತಲ್ಲ. ನೆಲದಲ್ಲಿಟ್ಟರೆ ತೇವ, ಹಾಗಾಗಿ ಗೋಣಿಗಳು ಉಪ್ಪರಿಗೆ ಏರುತ್ತವೆ. ಅದರ ಕೆಳಗಿನ ಕೋಣೆಯಲ್ಲಿ ಮನೆಮಂದಿ ಮಲಗಿರುತ್ತಾರೆ. ಅದಕ್ಕಾಗಿಯಾದರೂ ಈ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು.

ಗೋಡೆಯನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ

"ಕೆಂಪುಕಲ್ಲಿನ ಗೋಡೆ, ಏನೂ ಆಗದು" ಎನ್ನುವವರು ಹೇಳುವುದು ಅರ್ಧ ಸರಿ. ಭಾರತೀಯ ಮಾನಕದ ಪ್ರಕಾರ ಕಟ್ಟಡದ ಕೆಂಪುಕಲ್ಲು ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ ಸುಮಾರು 35 ಕೆ.ಜಿ. ಒತ್ತಡ ತಡೆಯಬೇಕು. ಅತಿ ಕೆಳದರ್ಜೆಯ ಸುಟ್ಟ ಇಟ್ಟಿಗೆಗೂ ಇದೇ ಮಿತಿ. ಎಂ20 ದರ್ಜೆಯ ಕಾಂಕ್ರೀಟು ಸುಮಾರು 200 ಕೆ.ಜಿ. ತಡೆಯುತ್ತದೆ. ಕಲ್ಲಿನ ನಡುವೆ ಗಾರೆಯ ಸಂದುಗಳಿರುವುದರಿಂದ, ಸುರಕ್ಷತೆಯೂ ಬೇಕಾದ್ದರಿಂದ, ಗೋಡೆಯ ಲೆಕ್ಕದಲ್ಲಿ ಕಲ್ಲಿನ ಬಲದ ಹತ್ತನೇ ಒಂದು ಪಾಲನ್ನಷ್ಟೇ ಹಿಡಿಯುತ್ತಾರೆ. ಅಷ್ಟಾದರೂ ಸಾಮಾನ್ಯ ಮನೆಗೆ ಧಾರಾಳ ಸಾಕು. ಕೆಂಪುಕಲ್ಲು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಮಳೆನೀರು ಇಳಿಯುವ ಗೋಡೆಯ ಬುಡವನ್ನು ಮಾತ್ರ ಗಮನಿಸಿ.

ಅಪಾಯ ಇರುವುದು ಅಡ್ಡಲಾಗಿ ಮಲಗಿರುವ ಸ್ಲಾಬು, ಜಂತಿಗಳಲ್ಲಿ. ಭಾರ ಬಿದ್ದಾಗ ಇವು ಬಾಗುತ್ತವೆ, ಅಡಿಭಾಗ ಹಿಗ್ಗುತ್ತದೆ. ಎಳೆತ ತಡೆಯುವ ಶಕ್ತಿ ಕಾಂಕ್ರೀಟಿಗೆ ಒತ್ತಡದ ಶಕ್ತಿಯ ಹತ್ತನೇ ಒಂದರಷ್ಟೂ ಕಷ್ಟ. ಆ ಕೆಲಸ ಪೂರ್ತಿ ಕಬ್ಬಿಣದ ಸರಳಿನದು. 10 ಮಿ.ಮೀ.ನ ಒಂದು ಎಫ್‌ಇ500 ದರ್ಜೆಯ ಸರಳು ಸುಮಾರು 4,000 ಕೆ.ಜಿ. ಎಳೆತದವರೆಗೆ ಸೋಲುವುದಿಲ್ಲ. ಆದರೆ ತುಕ್ಕು ಹಿಡಿದ ಸರಳಿಗೆ ಈ ಮಾತು ಸಲ್ಲದು.

ಗೋಣಿ ಎಣಿಸುವ ಬಗೆ

ವಾಸದ ಕೋಣೆಯ ಸ್ಲಾಬನ್ನು, ಅದರ ಸ್ವಂತ ಭಾರ ಬಿಟ್ಟು, ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರುವಂತೆ ವಿನ್ಯಾಸ ಮಾಡುತ್ತಾರೆ. ನಮ್ಮ ಅಳತೆಯಲ್ಲಿ ಚದರಡಿಗೆ ಸುಮಾರು 19 ಕೆ.ಜಿ. ಗೋದಾಮಿಗಾದರೆ ಕನಿಷ್ಠ 750 ಕೆ.ಜಿ., ಅಂದರೆ ಚದರಡಿಗೆ 70.

ನಿಮ್ಮ ಒಂದು ಗೋಣಿಯನ್ನು ತೂಗಿ. 65 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. ಮಲಗಿಸಿದಾಗ ಅದು 3 ಅಡಿ ಉದ್ದ, 2 ಅಡಿ ಅಗಲದ ಜಾಗ ಹಿಡಿದರೆ ಚದರಡಿಗೆ 11 ಕೆ.ಜಿ. ಬಿತ್ತು. ಒಂದು ಸಾಲು ಹಾಸಿದರೆ ತೊಂದರೆಯಿಲ್ಲ. ಎರಡು ಸಾಲಿಗೆ 22 ಆಗಿ ಮಿತಿ ದಾಟಿತು. ಐದು ಸಾಲು ಅಟ್ಟಿ ಹಾಕಿದರೆ 54, ಹೆಚ್ಚುಕಡಿಮೆ ಮೂರು ಪಟ್ಟು.

ಇನ್ನು ಇಡೀ ಕೋಣೆಯ ಲೆಕ್ಕ. 10 ಅಡಿ, 12 ಅಡಿಯ ಕೋಣೆಗೆ 120 ಚದರಡಿ. 19ರಿಂದ ಗುಣಿಸಿದರೆ 2,280 ಕೆ.ಜಿ. ಅಂದರೆ 35 ಗೋಣಿ, ಅದೂ ಸಮನಾಗಿ ಹರಡಿದ್ದರೆ, ಕೋಣೆಯಲ್ಲಿ ಬೇರೇನೂ ಇರದಿದ್ದರೆ. ಹೊತ್ತು ತರುವವರ ಭಾರವನ್ನೂ ಸೇರಿಸಬೇಕಲ್ಲ, 25ಕ್ಕೆ ನಿಲ್ಲಿಸುವುದು ನನಗೆ ಸರಿಯೆನಿಸುತ್ತದೆ. ಅಡಿಗೆ ಹಲಗೆ ಹಾಸಿದರೆ ತೇವ ತಪ್ಪೀತು, ಭಾರ ತಗ್ಗದು.

ಎಲ್ಲಿ ಇಡಬೇಕು

ಕೋಣೆಯ ನಡುವೆ ಬೇಡ, ಗೋಡೆಯ ಬದಿಗೆ ಇಡಿ. ಆಸರೆಗೆ ಹತ್ತಿರವಾದಷ್ಟೂ ಸ್ಲಾಬು ಬಾಗುವುದು ಕಡಿಮೆ. ಆದರೆ ಉಪ್ಪರಿಗೆಯ ಗೋಡೆಯ ನೇರ ಕೆಳಗೂ ಗೋಡೆಯೋ ಬೀಮೋ ಇದೆಯೇ ಎಂದು ಮೊದಲು ಇಳಿದು ನೋಡಿ. ಹೊರಚಾಚಿದ ಸಜ್ಜ, ಬಾಲ್ಕನಿಯ ಮೇಲೆ ಗೋಣಿ ಇಡಲೇಬೇಡಿ. ತಾರಸಿಯ 1,000 ಲೀಟರಿನ ಟಾಂಕಿಗೂ ಇದೇ ಮಾತು. ತುಂಬಿದಾಗ ನೀರೇ 1,000 ಕೆ.ಜಿ., ಆದ್ದರಿಂದ ಎರಡು ಗೋಡೆ ಕೂಡುವ ಮೂಲೆಯೇ ಅದಕ್ಕೆ ಜಾಗ.

ಮರದ ಅಟ್ಟವಾದರೆ

ಹಳೆಯ ಹೆಂಚಿನ ಮನೆಗಳ ಮುಚ್ಚಿಗೆಗೆ ಮೇಲಿನ 19ರ ಲೆಕ್ಕ ಅನ್ವಯಿಸದು. ಅಲ್ಲಿ ಜಂತಿಯ ಉದ್ದವೇ ಮುಖ್ಯ. ಆಸರೆಗಳ ಅಂತರ 6 ಅಡಿಯಿಂದ 12 ಅಡಿಯಾದರೆ, ಅಡಿಗೆ ಅಷ್ಟೇ ಭಾರವಿದ್ದರೂ ಜಂತಿಯನ್ನು ಬಾಗಿಸುವ ಬಲ ನಾಲ್ಕು ಪಟ್ಟಾಗುತ್ತದೆ. 4 ಇಂಚು, 6 ಇಂಚಿನ ಜಂತಿಯನ್ನು 6 ಇಂಚು ಎತ್ತರಕ್ಕೆ ಬರುವಂತೆ ನಿಲ್ಲಿಸಿದ್ದರೆ ಮಲಗಿಸಿದ್ದಕ್ಕಿಂತ ಒಂದೂವರೆ ಪಟ್ಟು ಬಲ. ಮರ ಹಲಸೋ ಸಾಗುವಾನಿಯೋ ಎನ್ನುವುದಕ್ಕಿಂತ ಗೋಡೆಯೊಳಗೆ ಹೊಕ್ಕ ತುದಿ ಗಟ್ಟಿಯಿದೆಯೇ ಎಂಬುದು ಹೆಚ್ಚಿನದು. ಗೆದ್ದಲು, ಲಡ್ಡು (ಮರ ಕೊಳೆಯುವುದು) ಎರಡೂ ಶುರುವಾಗುವುದು ಅಲ್ಲೇ. ಚೂಪಾದ ಮೊಳೆಯಿಂದ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಆ ಅಟ್ಟಕ್ಕೆ ಗೋಣಿ ಏರಿಸಬೇಡಿ. ತಿಂಗಳುಗಟ್ಟಲೆ ಒಂದೇ ಭಾರ ಹೊತ್ತ ಮರ ದಿನೇ ದಿನೇ ಇನ್ನಷ್ಟು ಬಾಗುತ್ತದೆ ಎಂಬುದೂ ನೆನಪಿರಲಿ.

ದಾರ ಕಟ್ಟಿ ಅಳೆಯಿರಿ

ಕೆಳಗಿನ ಕೋಣೆಯಲ್ಲಿ, ಸೂರಿನಿಂದ 2 ಇಂಚು ಕೆಳಗೆ ಎರಡೂ ತುದಿಗೆ ದಾರ ಬಿಗಿದು ಕಟ್ಟಿ. ನಡುವೆ ದಾರಕ್ಕೂ ಸೂರಿಗೂ ಇರುವ ಅಂತರ 2 ಇಂಚಿಗಿಂತ ಎಷ್ಟು ಕಡಿಮೆಯೋ ಅಷ್ಟು ಬಾಗಿದೆ ಎಂದರ್ಥ. 10 ಅಡಿಯ ಸ್ಲಾಬಿಗೆ 12 ಮಿ.ಮೀ. ಮೀರಬಾರದು. ಗೋಣಿ ಏರಿಸುವ ಮೊದಲೊಮ್ಮೆ, ವಾರದ ಬಳಿಕ ಇನ್ನೊಮ್ಮೆ ಅಳೆದು ಗೋಡೆಯಲ್ಲೇ ಬರೆದಿಡಿ.

ಅಂತರ ಕುಗ್ಗುತ್ತಾ ಬಂದರೆ, ಅಡಿಭಾಗದಲ್ಲಿ ಹೊಸ ಬಿರುಕೋ ತುಕ್ಕಿನ ಕಲೆಯೋ ಕಂಡರೆ, ಸಿಮೆಂಟು ಚಕ್ಕೆಯಾಗಿ ಉದುರಿದರೆ, ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ಮೊದಲು ನಡುವಿನ ಗೋಣಿಗಳನ್ನು ಒಂದೊಂದಾಗಿ ಇಳಿಸಿ. ಊರುಗಂಬ ಕೊಡುವುದಾದರೆ ಅದರ ಬುಡ ಗಟ್ಟಿ ನೆಲದಲ್ಲೇ ಇರಬೇಕು. ಸರಳು ಎಷ್ಟು ಉಳಿದಿದೆ ಎಂಬುದು ಹೊರಗಿನಿಂದ ಕಾಣದು, ಮತ್ತೆ ಭಾರ ಹೇರುವ ಮುನ್ನ ಎಂಜಿನಿಯರರಿಗೆ ತೋರಿಸಿ.