ಅಮೆರಿಕದ ಪಿಪಿಎಲ್ಲೋ ಯೂರೋಪಿನದೋ? ದುಡ್ಡು ಕಟ್ಟುವ ಮೊದಲು ವಿಮಾನದ ಮೇಲಿನ ಅಕ್ಷರ ನೋಡಿ

ಹವ್ಯಾಸಕ್ಕೆ ಸಣ್ಣ ವಿಮಾನ ಹಾರಿಸಲು ಬೇಕಾದ್ದು ಪಿಪಿಎಲ್, ಅಂದರೆ ಪ್ರೈವೇಟ್ ಪೈಲಟ್ ಲೈಸೆನ್ಸ್. ಮ್ಯೂನಿಕ್‌ನಲ್ಲೋ ಡಬ್ಲಿನ್‌ನಲ್ಲೋ ಕೆಲಸಕ್ಕಿರುವ ನಮ್ಮವರು ಮಾಡುವ ಲೆಕ್ಕ ಸಾಮಾನ್ಯವಾಗಿ ಒಂದೇ: ಅಮೆರಿಕದಲ್ಲಿ ಕಲಿಯೋದು ಅಗ್ಗ, ರಜೆ ಹಾಕಿ ಹೋಗಿ ಮುಗಿಸಿಕೊಂಡು ಬಂದರಾಯ್ತು. ಮುಗಿಸಿಕೊಂಡು ಬರುತ್ತಾರೆ ಕೂಡ. ಆಮೇಲೆ ತಾವಿರುವ ಊರಿನ ಕ್ಲಬ್‌ಗೆ ಹೋಗಿ ಕಾರ್ಡ್ ತೋರಿಸಿದರೆ, 'ಇದು ಇಲ್ಲಿ ನಡೆಯಲ್ಲ' ಅಂತಾರೆ. ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

(ಭಾರತದ ಏರ್‌ಲೈನ್‌ನಲ್ಲಿ ಪೈಲಟ್ ಆಗಬೇಕು ಅನ್ನುವವರು ಇದನ್ನು ಓದಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ದಾರಿ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮೆಡಿಕಲ್‌ನಿಂದ ಶುರುವಾಗುತ್ತದೆ, ಅದು ಬೇರೆಯೇ ಕಥೆ.)

ಹಂತ 1: ಮೆಡಿಕಲ್

ಮೊದಲು ಇದನ್ನೇ ಮಾಡಿಸಿ. ಅಮೆರಿಕದ್ದಕ್ಕೆ ಥರ್ಡ್ ಕ್ಲಾಸ್, ಯೂರೋಪಿನದಕ್ಕೆ ಕ್ಲಾಸ್ 2. ವಯಸ್ಸು 40ರೊಳಗಿದ್ದರೆ ಎರಡೂ ಐದು ವರ್ಷ ನಡೆಯುತ್ತವೆ. 40 ದಾಟಿದರೆ ಎರಡು ವರ್ಷ. 50 ದಾಟಿದ ಮೇಲೆ ಯೂರೋಪ್ ಪ್ರತಿ ವರ್ಷ ಕರೆಯುತ್ತದೆ. ಶುಗರ್, ಹಳೇ ಆಪರೇಷನ್, ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ.

ಹಂತ 2: ಲೈಸೆನ್ಸ್ ಎಲ್ಲಿಯದು, ವಿಮಾನ ಎಲ್ಲಿಯದು, ಆಕಾಶ ಎಲ್ಲಿಯದು

ಜನ ಎಡವುವುದೇ ಇಲ್ಲಿ. ಕೋಲಾರದ ಡಿಎಲ್ ಇಟ್ಟುಕೊಂಡು ಮೈಸೂರಲ್ಲಿ ಗಾಡಿ ಓಡಿಸಿದ ಹಾಗಲ್ಲ ಇದು. ವಿಮಾನದ ಮೈಮೇಲೆ ದೊಡ್ಡದಾಗಿ ಬರೆದಿರುವ ನೋಂದಣಿಯ ಮೊದಲ ಅಕ್ಷರ ನೋಡಿ. ಎನ್ ಇದ್ದರೆ ಅಮೆರಿಕದ್ದು, ಡಿ ಇದ್ದರೆ ಜರ್ಮನಿಯದು, ಇಐ ಇದ್ದರೆ ಐರ್ಲೆಂಡಿನದು, ವಿಟಿ ಇದ್ದರೆ ನಮ್ಮದು. ಯಾವ ದೇಶದ ವಿಮಾನವೋ ಆ ದೇಶದ ಲೈಸೆನ್ಸ್ ಬೇಕು ಅನ್ನುವುದು ಮೂಲ ನಿಯಮ. ಯೂರೋಪಿನ ಒಕ್ಕೂಟದಲ್ಲಿ ಮಾತ್ರ ಇಎಎಸ್‌ಎ (ಒಕ್ಕೂಟದ ವಿಮಾನ ಸುರಕ್ಷತಾ ಸಂಸ್ಥೆ) ನಿಯಮದಡಿ ಒಂದು ದೇಶ ಕೊಟ್ಟ ಲೈಸೆನ್ಸ್ ಉಳಿದ ದೇಶಗಳ ವಿಮಾನಕ್ಕೂ ನಡೆಯುತ್ತದೆ. ಅಂದರೆ ಐರ್ಲೆಂಡಿನ ಲೈಸೆನ್ಸ್ ಇಟ್ಟುಕೊಂಡು ಜರ್ಮನಿಯ ವಿಮಾನ ಹಾರಿಸಬಹುದು, ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಕೊಟ್ಟ ಕಾರ್ಡ್ ಇಟ್ಟುಕೊಂಡು ಆಗುವುದಿಲ್ಲ.

'ಹಾಗಾದರೆ ಯೂರೋಪಿನಲ್ಲೇ ಒಂದು ಎನ್ ವಿಮಾನ ಹುಡುಕಿಕೊಂಡರೆ?' ಈ ಶಾರ್ಟ್‌ಕಟ್ ಹಿಂದೆ ಚೆನ್ನಾಗಿ ನಡೆಯುತ್ತಿತ್ತು. 2022ರ ಜೂನ್‌ನಿಂದ, ವಿಮಾನ ಇಟ್ಟುಕೊಂಡು ನಡೆಸುವವರು ಯೂರೋಪಿನ ನಿವಾಸಿಯಾಗಿದ್ದರೆ ಅದನ್ನು ಹಾರಿಸುವವರಿಗೆ ಅಲ್ಲಿನ ಲೈಸೆನ್ಸೂ ಬೇಕು. ತಿರುಗಾಮುರುಗಾ ಹೇಳುವುದಾದರೆ, ಬರೀ ಜರ್ಮನಿಯ ಲೈಸೆನ್ಸ್ ಇರುವವರು ಎನ್ ವಿಮಾನವನ್ನು ಜರ್ಮನಿಯೊಳಗೆ ಹಾರಿಸಬಹುದು. ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದರೆ ಆಗಲ್ಲ, ಯಾಕೆಂದರೆ ಅಮೆರಿಕದ ನಿಯಮ ಒಪ್ಪುವುದು ನೀವು ಹಾರುತ್ತಿರುವ ದೇಶವೇ ಕೊಟ್ಟ ಲೈಸೆನ್ಸ್ ಅನ್ನು.

ಪರಿವರ್ತನೆ ಮಾಡಿಸಿಕೊಳ್ಳಬಹುದಲ್ವಾ? ಮಾಡಿಸಿಕೊಳ್ಳಬಹುದು. ಹೊರದೇಶದ ಪಿಪಿಎಲ್ ತಂದವರಿಗೆ ಯೂರೋಪಿನ ಸಾಮಾನ್ಯ ನಿಯಮ 100 ಗಂಟೆ ಹಾರಾಟದ ಅನುಭವ, ಏರ್ ಲಾ ಮತ್ತು ಹ್ಯೂಮನ್ ಪರ್ಫಾರ್ಮೆನ್ಸ್ ಪರೀಕ್ಷೆ, ಜೊತೆಗೆ ಸ್ಕಿಲ್ ಟೆಸ್ಟ್ (ಹಾರಿಸಿ ತೋರಿಸುವ ಪರೀಕ್ಷೆ) ಕೇಳುತ್ತದೆ. ಅಮೆರಿಕದ ಲೈಸೆನ್ಸಿಗೆ 2021ರ ಮೇ ತಿಂಗಳಿಂದ ಪ್ರತ್ಯೇಕ ಒಪ್ಪಂದ ಇದೆ, ಹೊರೆ ಕಡಿಮೆ. ಆದರೂ ಹಳೇ ಕಾರ್ಡ್ ಕೊಟ್ಟು ಹೊಸದು ಇಸ್ಕೊಳ್ಳುವ ವ್ಯವಹಾರ ಅಲ್ಲ ಅದು. ಯೂರೋಪಿನ ಮೆಡಿಕಲ್ ಬೇಕೇ ಬೇಕು, ಕಾಗದಪತ್ರಕ್ಕೆ ತಾಳ್ಮೆಯೂ ಬೇಕು.

ಉಲ್ಟಾ ದಾರಿ ಸಲೀಸು. ಯೂರೋಪಿನ ಲೈಸೆನ್ಸ್ ಇದ್ದವರಿಗೆ ಎಫ್‌ಎಎ, 61.75 ಅನ್ನುವ ನಿಯಮದಡಿ ಪರೀಕ್ಷೆಯಿಲ್ಲದೆ ಒಂದು ಪ್ರೈವೇಟ್ ಸರ್ಟಿಫಿಕೇಟ್ ಕೊಡುತ್ತದೆ. ಒಕ್ಲಹೋಮ ಸಿಟಿಯ ಕಚೇರಿಗೆ ಅರ್ಜಿ ಹಾಕಿ, ನಿಮ್ಮ ಲೈಸೆನ್ಸ್ ಅಸಲಿ ಅನ್ನುವ ಪತ್ರ ತರಿಸಿಕೊಳ್ಳಬೇಕು. ಟಿಕೆಟ್ ಬುಕ್ ಮಾಡುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಅಲ್ಲಿ ಇಳಿದ ಮೇಲೆ ಇನ್‌ಸ್ಟ್ರಕ್ಟರ್ ಜೊತೆ ಒಂದು ಫ್ಲೈಟ್ ರಿವ್ಯೂ, ಅಂದರೆ ಕೈ ಪಳಗಿದೆಯೇ ಅಂತ ನೋಡುವ ಹಾರಾಟ. ಒಂದೇ ತೊಡಕು: ಆ ಕಾರ್ಡಿನಲ್ಲಿ ನಿಮ್ಮ ಮೂಲ ಲೈಸೆನ್ಸಿನ ನಂಬರ್ ಅಚ್ಚಾಗಿರುತ್ತದೆ. ಕೆಲಸ ಬದಲಾಯಿಸಿ ಮ್ಯೂನಿಕ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋದಿರಿ, ಲೈಸೆನ್ಸನ್ನೂ ಡಚ್ಚರಿಗೆ ವರ್ಗ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. ನಂಬರ್ ಬದಲಾಯಿತು, ಅಮೆರಿಕದ ಕಾರ್ಡ್ ಸುಮ್ನೆ ಪ್ಲಾಸ್ಟಿಕ್ ಆಯಿತು. ಮತ್ತೆ ಮೊದಲಿಂದ ಅರ್ಜಿ.

ಅದಕ್ಕೇ ಹೇಳುವುದು: ಯೂರೋಪಿನಲ್ಲಿ ನೆಲೆಸಿದ್ದರೆ ಜಾಸ್ತಿ ಖರ್ಚಾದರೂ ಇಎಎಸ್‌ಎ ಲೈಸೆನ್ಸನ್ನೇ ಮಾಡಿ, ಅಮೆರಿಕವನ್ನು ರಜೆಗೆ ಇಟ್ಟುಕೊಳ್ಳಿ. ಡಲ್ಲಾಸ್‌ನಲ್ಲೋ ಬೇ ಏರಿಯಾದಲ್ಲೋ ಇದ್ದರೆ ಯೋಚನೆಯೇ ಬೇಡ, ಎಫ್‌ಎಎ. ಬೆಂಗಳೂರಿಗೆ ವಾಪಸ್ ಬಂದು ಜಕ್ಕೂರಿನಲ್ಲಿ ಹಾರುವ ಕನಸಿದ್ದರೆ ಎರಡೂ ನೇರವಾಗಿ ಕೆಲಸಕ್ಕೆ ಬರಲ್ಲ, ವಿಟಿ ವಿಮಾನಕ್ಕೆ ಡಿಜಿಸಿಎ ಲೈಸೆನ್ಸೇ ಬೇಕು.

ಇನ್ನೊಂದು ಬಲೆ. ಫ್ಲಾರಿಡಾದಲ್ಲಿ ಕೂತು ಯೂರೋಪಿನ ಲೈಸೆನ್ಸ್ ಮಾಡಿ ಅನ್ನುವ ಜಾಹೀರಾತು. ಯೂರೋಪಿನ ಮಾನ್ಯತೆ ಇರುವ ಶಾಲೆಗಳು ಅಮೆರಿಕದಲ್ಲಿ ಇವೆ ನಿಜ. ಆದರೆ ಸಿಗುವುದು ಇಎಎಸ್‌ಎಯದೋ ಬ್ರಿಟನ್ನಿನದೋ ಅಂತ ಕೇಳಿ. 2020ರ ಕೊನೆಯಲ್ಲಿ ಬ್ರಿಟನ್ ಇಎಎಸ್‌ಎಯಿಂದ ಹೊರಬಂತು, ಅವರ ಲೈಸೆನ್ಸ್ ಈಗ ಬೇರೆ.

ಹಂತ 3: ಗಂಟೆ, ಪರೀಕ್ಷೆ

ಅಮೆರಿಕದಲ್ಲಿ ಕನಿಷ್ಠ 40 ಗಂಟೆ (ಎಫ್‌ಎಎ ಒಪ್ಪಿದ ಪಠ್ಯಕ್ರಮದ ಪಾರ್ಟ್ 141 ಶಾಲೆಯಲ್ಲಿ 35), ಯೂರೋಪಿನಲ್ಲಿ 45. ಈ ಕನಿಷ್ಠದಲ್ಲಿ ಮುಗಿಸುವವರು ಕಡಿಮೆ, ಹಾಗಾಗಿ ಬಜೆಟ್‌ಗೆ ಆ ಸಂಖ್ಯೆ ಹಿಡಿಯಬೇಡಿ. ಅಮೆರಿಕದ ಲಿಖಿತ ಪರೀಕ್ಷೆ ಒಂದೇ, 60 ಪ್ರಶ್ನೆ, 70 ಪ್ರತಿಶತ ಬಂದರೆ ಪಾಸ್. ನಿಜವಾದ ಪರೀಕ್ಷೆ ಆಮೇಲೆ: ಹಾರುವ ಮೊದಲು ಎಗ್ಸಾಮಿನರ್ ಎದುರು ಕೂತು ಮ್ಯಾಪ್ ಹರಡಿಕೊಂಡು ಉತ್ತರ ಹೇಳಬೇಕು. ಬಾಯಿಪಾಠದ ಆಸಾಮಿಗಳು ಅಲ್ಲಿ ಸಿಕ್ಕಿಬೀಳುತ್ತಾರೆ. ಯೂರೋಪಿನಲ್ಲಿ ಒಂಬತ್ತು ವಿಷಯ, ಒಟ್ಟು 120 ಪ್ರಶ್ನೆ, ಪ್ರತಿಯೊಂದರಲ್ಲೂ 75 ಪ್ರತಿಶತ, ಎಲ್ಲವನ್ನೂ 18 ತಿಂಗಳೊಳಗೆ ಮುಗಿಸಬೇಕು. ಹಳೇ ಪ್ರಶ್ನೆಗಳನ್ನೇ ತುಂಬಿಕೊಂಡಿರುವ ಪುಕ್ಕಟೆ ಆ್ಯಪ್‌ಗಳನ್ನು ನಂಬಬೇಡಿ. ರಾತ್ರಿ ಹಾರಾಟ ಅಮೆರಿಕದ ಕೋರ್ಸಿನೊಳಗೇ ಬರುತ್ತದೆ, ಯೂರೋಪಿನಲ್ಲಿ ಅದಕ್ಕೆ ಬೇರೆ ಐದು ಗಂಟೆಯ ತರಬೇತಿ.

ಹಂತ 4: ಉಳಿಸಿಕೊಳ್ಳುವುದು

ಎಫ್‌ಎಎ ಕಾರ್ಡಿನಲ್ಲಿ ರೈಟ್ ಸಹೋದರರ ಚಿತ್ರ ಇದೆ, ಮುಗಿಯುವ ದಿನಾಂಕ ಇಲ್ಲ. ಎರಡು ವರ್ಷಕ್ಕೊಮ್ಮೆ ಫ್ಲೈಟ್ ರಿವ್ಯೂ ಮಾಡಿದರೆ ಸಾಕು. ಯಾರನ್ನಾದರೂ ಕೂರಿಸಿಕೊಳ್ಳಬೇಕಾದರೆ 90 ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಯೂರೋಪಿನ ಲೈಸೆನ್ಸ್ ಕಾಗದದ್ದು, ಒಳಗೆ ಒಂದೊಂದು ರೇಟಿಂಗ್ (ಯಾವ ಬಗೆಯ ವಿಮಾನ ಹಾರಿಸಬಹುದು ಅನ್ನುವ ಅನುಮತಿ) ಪಕ್ಕದಲ್ಲೂ ಒಂದು ದಿನಾಂಕ. ಸಿಂಗಲ್ ಎಂಜಿನ್ ರೇಟಿಂಗ್‌ಗೆ ಎರಡು ವರ್ಷ. ಮುಂದುವರಿಸಲು ಕೊನೆಯ ವರ್ಷದಲ್ಲಿ 12 ಗಂಟೆ ಹಾರಾಟ, 12 ಟೇಕಾಫ್ ಮತ್ತು ಲ್ಯಾಂಡಿಂಗ್, ಇನ್‌ಸ್ಟ್ರಕ್ಟರ್ ಜೊತೆ ಒಂದು ಗಂಟೆ. ಇಲ್ಲವಾದರೆ ಮುಗಿಯುವ ಮುಂಚಿನ ಮೂರು ತಿಂಗಳಲ್ಲಿ ಎಗ್ಸಾಮಿನರ್ ಜೊತೆ ಪ್ರೊಫಿಷಿಯೆನ್ಸಿ ಚೆಕ್. ಮೋಡ ಕವಿದ ಚಳಿಗಾಲದಲ್ಲಿ ಈ ಗಂಟೆ ತುಂಬಿಸುವುದು ಕಷ್ಟ, ಬೇಸಿಗೆಯಲ್ಲೇ ಮುಗಿಸಿಡಿ.

ಹಂತ 5: ವೀಸಾ ಮತ್ತು ದುಡ್ಡು

ಅಮೆರಿಕದ ಪ್ರಜೆಯಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸೇರಿ, ತರಬೇತಿಗೆ ಮೊದಲು ಟಿಎಸ್‌ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಅನುಮತಿ ಪಡೆಯಬೇಕು. ಹೊರಗಿಂದ ಕೋರ್ಸಿಗೆಂದೇ ಹೋಗುವವರಿಗೆ ಎಂ-1ನಂಥ ವಿದ್ಯಾರ್ಥಿ ವೀಸಾ. 'ಟೂರಿಸ್ಟ್ ವೀಸಾದಲ್ಲೇ ಬನ್ನಿ, ನಡೆಯುತ್ತೆ' ಅನ್ನುವ ಶಾಲೆಯ ಕಡೆ ತಲೆ ಹಾಕಬೇಡಿ.

ಪೂರ್ತಿ ಫೀಸನ್ನು ಯಾರಿಗೂ ಮುಂಗಡ ಕೊಡಬೇಡಿ, ಎಷ್ಟೇ ರಿಯಾಯಿತಿ ತೋರಿಸಲಿ. ಬಾಗಿಲು ಹಾಕಿಕೊಂಡ ಶಾಲೆಗಳ ಹಿಂದೆ ಅಲೆದವರಿಗೆ ಗೊತ್ತು. ಹಾರಿದಷ್ಟಕ್ಕೆ ಕಟ್ಟಿ. ಮೊದಲ ಕಂತು ಕಟ್ಟುವ ಮುನ್ನ, ಮುಂದೆ ನೀವು ಬಾಡಿಗೆಗೆ ವಿಮಾನ ತೆಗೆದುಕೊಳ್ಳಲಿರುವ ಕ್ಲಬ್‌ಗೆ ಒಂದು ಫೋನ್ ಮಾಡಿ, 'ನಿಮ್ಮ ವಿಮಾನಗಳ ನೋಂದಣಿ ಯಾವ ದೇಶದ್ದು, ಇಂಥ ಲೈಸೆನ್ಸ್ ತಂದರೆ ಕೊಡ್ತೀರಾ?' ಅಂತ ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.