ಮಳೆಗಾಲಕ್ಕೆ ಮುಂಚೆ ಕಾರಿನ ಡಿಕ್ಕಿ ಸಿದ್ಧ ಮಾಡಿಕೊಳ್ಳುವುದು ಹೇಗೆ?

ಶಿರಾಡಿ, ಚಾರ್ಮಾಡಿ, ಆಗುಂಬೆ. ಜೂನ್ ಬಂತೆಂದರೆ ಈ ಘಾಟಿಗಳು ಸುದ್ದಿಯಲ್ಲಿರುತ್ತವೆ. ಎಲ್ಲೋ ಮರ ಬಿದ್ದಿರುತ್ತದೆ, ಎಲ್ಲೋ ಗುಡ್ಡ ಜರಿದಿರುತ್ತದೆ, ಗಂಟೆಗಟ್ಟಲೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅಂಥ ಕಡೆ ಟಯರ್ ಪಂಕ್ಚರ್ ಆದರೆ, ಬ್ಯಾಟರಿ ಕೈಕೊಟ್ಟರೆ ನಮ್ಮ ಹತ್ತಿರ ಇರುವುದೇ ನಮಗೆ ದಿಕ್ಕು.

ಜ್ಯಾಕ್, ಸ್ಟೆಪ್ನಿ, ಕೆಂಪು ತ್ರಿಕೋನ ಎಷ್ಟೋ ಕಾರುಗಳಲ್ಲಿ ಇದ್ದೇ ಇರುತ್ತವೆ. ಎಲ್ಲಿವೆ ಅನ್ನೋದು ಮಾತ್ರ ಓಡಿಸುವವರಿಗೆ ಗೊತ್ತಿರುವುದಿಲ್ಲ. ಸಾಮಾನು ಕೊಳ್ಳುವುದು ಅರ್ಧ ಕೆಲಸ ಅಷ್ಟೇ. ಕತ್ತಲಲ್ಲಿ, ಮಳೆಯಲ್ಲಿ ಕೈಗೆ ಸಿಗುವ ಹಾಗೆ ಇಡಬೇಕು, ಮನೆ ಮುಂದೆ ಒಮ್ಮೆ ಬಳಸಿ ನೋಡಿರಬೇಕು.

ಮೊದಲು ಡಿಕ್ಕಿ ಖಾಲಿ ಮಾಡಿ

ಒಂದು ಭಾನುವಾರ ಬೆಳಿಗ್ಗೆ ಡಿಕ್ಕಿಯಲ್ಲಿ ಇರುವುದನ್ನೆಲ್ಲ ಹೊರಗೆ ತೆಗೆಯಿರಿ. ಹಳೆ ಪೇಪರ್, ತೂತು ಬಿದ್ದ ಕೊಡೆ, ಖಾಲಿ ಬಾಟಲಿ ಎಲ್ಲ ಮನೆಗೆ ಹೋಗಲಿ. ಕಾರ್ಪೆಟ್ ಎತ್ತಿ ಸ್ಟೆಪ್ನಿ ನೋಡಿ, ಗಾಳಿ ಎಷ್ಟಿದೆ ಅಂತ ಚೆಕ್ ಮಾಡಿಸಿ. ನಾಲ್ಕು ಚಕ್ರಕ್ಕೆ ಗಾಳಿ ಹಾಕಿಸುವಾಗ ಐದನೆಯದನ್ನು ಮರೆಯುವವರೇ ಜಾಸ್ತಿ. ಎಷ್ಟು ಗಾಳಿ ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಪಕ್ಕದ ಕಂಬದ ಸ್ಟಿಕರ್ ಮೇಲಿರುತ್ತದೆ.

ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. 2020ರಲ್ಲಿ ನಿಯಮಕ್ಕೆ ತಿದ್ದುಪಡಿ ಆಯಿತು. ಟ್ಯೂಬ್‌ಲೆಸ್ ಟಯರ್, ಗಾಳಿ ಕಡಿಮೆಯಾದರೆ ತಿಳಿಸುವ ಸೆನ್ಸರ್, ಪಂಕ್ಚರ್ ಕಿಟ್ ಈ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ನಿಮ್ಮದೂ ಅಂಥ ಕಾರಾಗಿದ್ದರೆ ಆ ಕಿಟ್ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ.

ಚಕ್ರ ಬಿಚ್ಚುವ ಸಾಮಾನು

ಕಂಪನಿ ಕೊಡುವ ಸ್ಪ್ಯಾನರ್ ಗಿಡ್ಡ. ಟಯರ್ ಅಂಗಡಿಯಲ್ಲಿ ಗಾಳಿ ಗನ್‌ನಿಂದ ಬಿಗಿ ಮಾಡಿದ ನಟ್ ಅದಕ್ಕೆ ಜಗ್ಗುವುದಿಲ್ಲ. ಅದಕ್ಕೇ ಒಂದು ಪ್ಲಸ್ ಆಕಾರದ ಸ್ಪ್ಯಾನರ್ ಕೊಳ್ಳಿ. ಇಲ್ಲವೇ ಇರುವ ಸ್ಪ್ಯಾನರ್ ಹಿಡಿಗೆ ಕೂರುವಂಥ ಎರಡಡಿ ಉದ್ದದ ಕಬ್ಬಿಣದ ಪೈಪ್ ಇಟ್ಟುಕೊಳ್ಳಿ. ಹಿಡಿ ಉದ್ದವಾದಷ್ಟೂ ಕಡಿಮೆ ಬಲ ಸಾಕು. ವಯಸ್ಸಾದವರೂ ನಟ್ ಸಡಿಲಿಸಬಹುದು.

ಜ್ಯಾಕ್ ಜೊತೆಗೆ ಒಂದಡಿ ಚೌಕದ ದಪ್ಪ ಮರದ ಹಲಗೆ ಇರಲೇಬೇಕು. ಮಳೆಗಾಲದಲ್ಲಿ ರಸ್ತೆ ಪಕ್ಕದ ಮಣ್ಣು ಮೆತ್ತಗಿರುತ್ತದೆ. ಬರೀ ಜ್ಯಾಕ್ ಇಟ್ಟರೆ ಕಾರು ಏಳುವ ಬದಲು ಜ್ಯಾಕೇ ಹೂತುಹೋಗುತ್ತದೆ. ಬಡಗಿಗಳ ಹತ್ತಿರ ಇಂಥ ತುಂಡು ಸಿಗುತ್ತದೆ.

ಹೇಗೆ ಮಾಡಬೇಕು ಅಂತ ಮನೆ ಮುಂದೆಯೇ ಕಲಿಯಿರಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಡಿ. ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ಎಲ್ಲ ನಟ್‌ಗಳನ್ನೂ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರವೇ ತಿರುಗುತ್ತದೆ, ಕಾರು ಜ್ಯಾಕಿನಿಂದ ಜಾರುವ ಅಪಾಯವೂ ಇದೆ. ಜ್ಯಾಕ್ ಕೊಡಬೇಕಾದ ಜಾಗಕ್ಕೆ ಕಾರಿನ ಅಡಿ ಅಂಚಿನಲ್ಲಿ ಗುರುತು ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ ಚಿತ್ರವೂ ಇರುತ್ತದೆ. ಸ್ಟೆಪ್ನಿ ಹಾಕಿದ ಮೇಲೆ ನಟ್‌ಗಳನ್ನು ಸಾಲಾಗಿ ಬಿಗಿ ಮಾಡಬೇಡಿ, ಒಂದಾದ ಮೇಲೆ ಎದುರಿನದು ಹೀಗೆ ಮಾಡಿ. ಕಾರು ಕೆಳಗಿಳಿದ ಮೇಲೆ ಮತ್ತೊಮ್ಮೆ ಪೂರ್ತಿ ಬಿಗಿ ಮಾಡಿ. ಹೊರಡುವ ಮುಂಚೆ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಿಂದ ದೂರ ಹಾಕಿ, ದಯವಿಟ್ಟು. ರಾತ್ರಿ ಬರುವ ಬೈಕಿನವರಿಗೆ ಆ ಕಲ್ಲು ಕಾಣುವುದಿಲ್ಲ.

ಗಾಳಿ ತುಂಬುವ ಸಣ್ಣ ಪಂಪ್ ಬಹಳ ಉಪಯೋಗದ ವಸ್ತು. ಕಾರಿನ 12 ವೋಲ್ಟ್ ಸಾಕೆಟ್‌ಗೆ ಚುಚ್ಚಿ, ಇಂಜಿನ್ ಆನ್ ಇಟ್ಟು ಬಳಸಿ. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕಿದ್ದರೆ ಅದನ್ನು ಕೀಳಲು ಅವಸರ ಮಾಡಬೇಡಿ. ಎಷ್ಟೋ ಸಲ ಗಾಳಿ ನಿಧಾನವಾಗಿ ಇಳಿಯುತ್ತಿರುತ್ತದೆ, ಮೊಳೆಯೇ ತೂತು ಮುಚ್ಚಿರುತ್ತದೆ. ಗಾಳಿ ತುಂಬಿ, ನಿಧಾನವಾಗಿ ಪಂಕ್ಚರ್ ಅಂಗಡಿ ಮುಟ್ಟಬಹುದು. ಟಯರಿನ ಪಕ್ಕದ ಗೋಡೆ ಹರಿದಿದ್ದರೆ ಮಾತ್ರ ಕಿಟ್ಟೂ ನಡೆಯುವುದಿಲ್ಲ, ಪಂಪೂ ನಡೆಯುವುದಿಲ್ಲ.

ಬ್ಯಾಟರಿ ಸತ್ತರೆ

ಇನ್ನೊಂದು ಕಾರಿನ ಒಳ್ಳೆ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಂಡು ಇಂಜಿನ್ ಸ್ಟಾರ್ಟ್ ಮಾಡಲು ಜಂಪರ್ ಕೇಬಲ್ ಬೇಕು. ಕೊಳ್ಳುವಾಗ ದಪ್ಪ ತಾಮ್ರದ್ದೇ ಕೇಳಿ. ತೆಳ್ಳಗಿನದು ಬಿಸಿಯಾಗುತ್ತದೆ, ಇಂಜಿನ್ ಸ್ಟಾರ್ಟ್ ಮಾಡುವಷ್ಟು ಕರೆಂಟ್ ಹರಿಸುವುದಿಲ್ಲ. ಜೋಡಿಸುವ ಕ್ರಮ ಒಂದು ಚೀಟಿಯಲ್ಲಿ ಬರೆದು ಕೇಬಲ್‌ಗೇ ಕಟ್ಟಿಡಿ: ಕೆಂಪು ಕ್ಲಿಪ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕ್ಲಿಪ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಕೆಟ್ಟ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಸತ್ತ ಬ್ಯಾಟರಿ ಹತ್ತಿರ ಕಿಡಿ ಹಾರದಿರಲಿ ಅಂತ ಹೀಗೆ. ಬಿಚ್ಚುವಾಗ ಇದರ ಹಿಮ್ಮುಖ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರು ಮೊದಲು ಮ್ಯಾನ್ಯುಯಲ್ ಓದಿ.

ಡ್ರೈವರ್ ಕೈಗೆ ಸಿಗಬೇಕಾದವು

ಇವು ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ. ಮೊದಲನೆಯದು ಗಾಜು ಒಡೆಯುವ, ಸೀಟ್‌ಬೆಲ್ಟ್ ಕತ್ತರಿಸುವ ಸಣ್ಣ ಸುತ್ತಿಗೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ನೀರು ಹೊರಗಿನಿಂದ ಒತ್ತುವಾಗ ಬಾಗಿಲು ತೆರೆಯಲು ಆಗುವುದಿಲ್ಲ. ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಕೆಲಸ ಮಾಡುತ್ತಿರುವಾಗಲೇ ಕಿಟಕಿ ಇಳಿಸಿ ಹೊರಗೆ ಬನ್ನಿ. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಮುಂದಿನ ಗಾಜಿಗೆ ಹೊಡೆದು ಹೊತ್ತು ಕಳೆಯಬೇಡಿ, ಅದರೊಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟರೂ ಪುಡಿಯಾಗುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾಗಿ, ನೀರು ನಿಂತ ಅಂಡರ್‌ಪಾಸ್‌ಗೆ ಕಾರು ಇಳಿಸಲೇಬೇಡಿ.

ಎರಡನೆಯದು ಒಂದು ಕಿಲೋದ ಎಬಿಸಿ ಪೌಡರ್ ಅಗ್ನಿಶಾಮಕ. ಸೀಟಿನ ಕೆಳಗೆ ಬ್ರ್ಯಾಕೆಟ್ ಹಾಕಿ ಕೂರಿಸಿ, ಸುಮ್ನೆ ಇಟ್ಟರೆ ಪೆಡಲ್ ಕೆಳಗೆ ಉರುಳಿ ಬರುತ್ತದೆ. ಮೀಟರಿನ ಮುಳ್ಳು ಹಸಿರಿನಲ್ಲಿರಲಿ. ಬಾನೆಟ್ಟಿನಿಂದ ಹೊಗೆ ಬಂದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಬಾನೆಟ್ ಪೂರ್ತಿ ತೆರೆಯಬೇಡಿ, ಗಾಳಿ ಸಿಕ್ಕರೆ ಬೆಂಕಿ ಭಗ್ಗನೆ ಏಳುತ್ತದೆ.

ಟಾರ್ಚ್ ತಲೆಗೆ ಕಟ್ಟಿಕೊಳ್ಳುವಂಥದ್ದೇ ಇರಲಿ. ನಟ್ ಬಿಚ್ಚಲು ಎರಡೂ ಕೈ ಬೇಕಲ್ವಾ? ಸೆಲ್ಲುಗಳನ್ನು ಬೇರೆ ಕವರ್‌ನಲ್ಲಿ ಇಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚ್ ಹಾಳಾಗುತ್ತದೆ.

ತ್ರಿಕೋನ, ಹೊಳೆಯುವ ಜಾಕೆಟ್ ಒಟ್ಟಿಗಿರಲಿ. ಜಾಕೆಟ್ ಹಾಕಿಕೊಂಡು ಇಳಿಯಿರಿ, ತ್ರಿಕೋನವನ್ನು ಎದುರಿಗೆ ಹಿಡಿದು ನಡೆದು ಕನಿಷ್ಠ 50 ಮೀಟರ್ ಹಿಂದೆ ಇಡಿ. ಘಾಟಿಯ ತಿರುವಿನಲ್ಲಿ ನಿಂತಿದ್ದರೆ ತಿರುವಿಗಿಂತ ಮೊದಲೇ ಇಡಬೇಕು, ತಿರುಗಿದ ಮೇಲೆ ಕಂಡರೆ ಲಾರಿಗೆ ಬ್ರೇಕ್ ಹಾಕಲು ಜಾಗವೇ ಇರುವುದಿಲ್ಲ.

ಔಷಧಿ, ನೀರು, ತಿಂಡಿ

ಹೊಸ ಕಾರಿನ ಜೊತೆ ಬಂದ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಒಮ್ಮೆ ತೆರೆದು ನೋಡಿ. ಸಾಮಾನ್ಯವಾಗಿ ಸಣ್ಣ ಗಾಯಕ್ಕಷ್ಟೇ ಸಾಕಾಗುವಂಥದ್ದು ಇರುತ್ತದೆ. ಗಾಯಕ್ಕೆ ಇಡುವ ತೆಳು ಹತ್ತಿ ಬಟ್ಟೆಯ (ಗಾಜ್) ದೊಡ್ಡ ತುಂಡುಗಳು, ಅಗಲದ ಬ್ಯಾಂಡೇಜ್ ಸುರುಳಿ, ಕತ್ತರಿ, ಕೈಗವಸು, ಓಆರ್‌ಎಸ್ ಸೇರಿಸಿ. ರಕ್ತ ಸುರಿಯುವ ಗಾಯಕ್ಕೆ ಈ ಗಾಜ್ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯುವುದೇ ಮೊದಲ ಚಿಕಿತ್ಸೆ. ನಡುನಡುವೆ ಎತ್ತಿ ನೋಡಬೇಡಿ. ಬೇರೆಯವರ ಅಪಘಾತ ಕಂಡಾಗಲೂ ಹಿಂಜರಿಯಬೇಡಿ. ಪ್ರಾಮಾಣಿಕವಾಗಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಡುತ್ತದೆ.

ನೀರು ಸ್ಟೀಲ್ ಬಾಟಲಿಯಲ್ಲಿರಲಿ. ಶೇಂಗಾ ಚಿಕ್ಕಿ, ಖಾರದ ಅವಲಕ್ಕಿ ಇದ್ದರೆ ಮಕ್ಕಳು ಹಸಿವಿನಿಂದ ಅಳುವುದು ತಪ್ಪುತ್ತದೆ. ಒಂದು ಬೆಡ್‌ಶೀಟ್, ಒಂದು ಕೊಡೆ ಸಾಕು. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕೆ ಜಾಸ್ತಿ ತೆಗೆದುಕೊಳ್ಳಿ, ಆದರೆ ಕಾರಿನಲ್ಲೇ ಬಿಡಬೇಡಿ. ಬಿಸಿಲಿಗೆ ನಿಂತ ಕಾರು ಒಳಗೆ ಒಲೆಯಂತೆ ಕಾಯುತ್ತದೆ. ಪವರ್‌ಬ್ಯಾಂಕ್, ಲೈಟರ್, ಸ್ಯಾನಿಟೈಸರ್, ಸ್ಪ್ರೇ ಡಬ್ಬಿಗಳನ್ನೂ ಇಳಿಯುವಾಗ ಜೊತೆಗೇ ಒಯ್ಯಿರಿ.

ಜೋಡಿಸುವಾಗ

ಡ್ರೈವರ್ ಕೈಗೆ ಸಿಗಬೇಕಾದವನ್ನು ಬಿಟ್ಟು, ಡಿಕ್ಕಿಯಲ್ಲಿಡುವ ಸಾಮಾನನ್ನೆಲ್ಲ ಒಂದು ಗಟ್ಟಿ ಬ್ಯಾಗಿಗೆ ಹಾಕಿ. ಊರಿಗೆ ಹೊರಟಾಗ ಸೂಟ್‌ಕೇಸ್ ಮೊದಲು, ಈ ಬ್ಯಾಗ್ ಕೊನೆಗೆ, ಬಾಗಿಲ ಅಂಚಿಗೆ. ಯಾವುದು ಎಲ್ಲಿದೆ ಅಂತ ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ತೋರಿಸಿ.

ಕೊನೆಗೆ ಗ್ಲೋವ್‌ಬಾಕ್ಸ್‌ನಲ್ಲಿ ಒಂದು ಚೀಟಿ. ಫೋನ್ ಚಾರ್ಜ್ ಹೋದರೆ ನಂಬರ್‌ಗಳೂ ಹೋದ ಹಾಗೆ, ಆದ್ದರಿಂದ ಮನೆಯವರ ನಂಬರ್ ಪೆನ್ನಿನಲ್ಲೇ ಬರೆಯಿರಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ನೆಟ್‌ವರ್ಕ್ ಇದ್ದರೆ ಕರೆ ಹೋಗಬಹುದು. ಎಲ್ಲಿದ್ದೀರಿ ಅಂತ ಹೇಳಲು ಹತ್ತಿರದ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲಿನ ಊರು, ಅದರ ದೂರ, ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಇಷ್ಟು ಹೇಳಿದರೆ ಬರುವವರು ಹುಡುಕುತ್ತಾ ಅಲೆಯಬೇಕಾಗಿಲ್ಲ.