ಹಳೇ ಪಟ್ಟಿ ಬಿಚ್ಚುವಾಗ

ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ತಿಂಗಳು. ಬೈಕ್‌ನಿಂದ ಬಿದ್ದಿದ್ದ ಒಬ್ಬ ಅಣ್ಣನ ಕಾಲಿಗೆ ಅಂಟಿಕೊಂಡಿದ್ದ ಗಾಜ್ ಬಟ್ಟೆಯನ್ನು (ಗಾಯದ ಮೇಲೆ ಇಡುವ ತೆಳು ಜಾಲರಿ ಬಟ್ಟೆ) ಒಂದೇ ಸಲಕ್ಕೆ ಎಳೆದುಬಿಟ್ಟೆ. ಬೇಗ ಎಳೆದರೆ ನೋವೂ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರು ಮಂಚದ ಕಂಬಿ ಹಿಡಿದು ಕಿರುಚಿದರು. ಗಾಯದ ತುಂಬಾ ರಕ್ತ ಜಿನುಗಿತು. ಸೀನಿಯರ್ ಸಿಸ್ಟರ್ ಬಂದು ಆ ಬಟ್ಟೆಯನ್ನು ತಿರುಗಿಸಿ ತೋರಿಸಿದರು. ಕೆಂಪಗೆ, ಸಣ್ಣ ಕಾಳಿನ ಹಾಗೆ ಏನೋ ಅಂಟಿತ್ತು. "ಇದು ಕೊಳೆ ಅಲ್ಲ ಕಣಮ್ಮ, ಹೊಸದಾಗಿ ಬೆಳೀತಿದ್ದ ಮಾಂಸ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಾನು ಹೆಚ್ಚು ಸಮಯ ಕೊಡುವುದು ಹಳೇ ಪಟ್ಟಿ ಬಿಚ್ಚುವುದಕ್ಕೇ. ಡಾಕ್ಟರ್ ನೋವಿನ ಮಾತ್ರೆ ಬರೆದಿದ್ದರೆ ಅರ್ಧ ಗಂಟೆ ಮೊದಲೇ ಕೊಡಲು ಸ್ಟಾಫ್ ನರ್ಸ್‌ಗೆ ನೆನಪಿಸುತ್ತೇನೆ. ಸೋಪು ಹಾಕಿ 40ರಿಂದ 60 ಸೆಕೆಂಡ್ ಕೈ ತೊಳೆಯುತ್ತೇನೆ. ಟೇಪ್ ಬಿಡಿಸುವಾಗ ಒಂದು ಬೆರಳಿನಿಂದ ಚರ್ಮ ಒತ್ತಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ನಿಧಾನವಾಗಿ ಎಳೆಯುತ್ತೇನೆ. ಬಟ್ಟೆ ಅಂಟಿದ್ದರೆ ಅದರ ಮೇಲೆ ನಾರ್ಮಲ್ ಸಲೈನ್, ಅಂದರೆ ಆಸ್ಪತ್ರೆಯ ಶುದ್ಧ ಉಪ್ಪುನೀರು, ಸುರಿದು ಕಾಯುತ್ತೇನೆ. ಐದು ನಿಮಿಷ ಬೇಕಾದರೂ ಆಗಲಿ. ಹೊರಗೆ ಕ್ಯೂ ಇದ್ದಾಗ ಇದು ಕಷ್ಟ, ಆದರೂ ಬಿಡುವುದಿಲ್ಲ.

ಬಿಚ್ಚಿದ ಬಟ್ಟೆಯನ್ನು ಸುಮ್ನೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಎಸೆಯಬೇಡಿ, ಮೊದಲು ನೋಡಿ. ನಿನ್ನೆಗಿಂತ ಜಾಸ್ತಿ ಒದ್ದೆಯಾಗಿದೆಯಾ? ಬಣ್ಣ ಹಸಿರಾಗಿದೆಯಾ? ವಾಸನೆ ಬದಲಾಗಿದೆಯಾ? ಗಾಯದ ಒಳಗೆ ಕೆಂಪಿದ್ದರೆ ಒಳ್ಳೆಯದು. ಹಳದಿ ಪದರ ಅಥವಾ ಕಪ್ಪು ಕಂಡರೆ ನಾವು ಕೆರೆಯಬಾರದು, ಅದು ಡಾಕ್ಟರ್ ಕೆಲಸ. ಸುತ್ತಲಿನ ಚರ್ಮ ಬಿಸಿಯಾಗಿ, ಊದಿಕೊಂಡು, ಕೆಂಪು ಹರಡುತ್ತಿದ್ದರೆ ಹೊಸ ಪಟ್ಟಿ ಕಟ್ಟುವ ಮೊದಲೇ ಸ್ಟಾಫ್ ನರ್ಸ್‌ನ್ನು ಕರೆಯುತ್ತೇನೆ. ಕಟ್ಟಿದ ಮೇಲೆ ಹೇಳಿದರೆ ಮತ್ತೆ ಬಿಚ್ಚಬೇಕು, ರೋಗಿಗೆ ಮತ್ತೆ ನೋವು.

ಇಲ್ಲಿಗೆ ಗ್ಲೌಸ್ ಬದಲಿಸುತ್ತೇನೆ. ತೊಳೆಯಲು ಸಲೈನ್ ಸಾಕು. ಹೊಲಿಗೆ ಹಾಕಿದ ಗಾಯವಾದರೆ ಹೊಲಿಗೆಯಿಂದ ಹೊರಕ್ಕೆ ಒರೆಸಬೇಕು. ಒಂದು ಹತ್ತಿ ಉಂಡೆ ಒಂದೇ ಸಲ, ವಾಪಸ್ ತರಬಾರದು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅಂತ ಎಷ್ಟೋ ಜನ ಕೇಳುತ್ತಾರೆ. ನೊರೆ ಕಂಡರೆ ಗಾಯ ಚೊಕ್ಕಟವಾಯಿತು ಅನ್ನಿಸುತ್ತದೆ, ಆದರೆ ದಿನಾ ಹಾಕಿದರೆ ಹೊಸ ಮಾಂಸಕ್ಕೇ ಪೆಟ್ಟು.

ನಮ್ಮ ಶಿಡ್ಲಘಟ್ಟ ಕಡೆ ರೇಷ್ಮೆ ಜಾಸ್ತಿ ಅಲ್ವಾ, ನೂಲು ಬಿಚ್ಚುವ ಕೆಲಸದವರು ತುಂಬಾ ಬರುತ್ತಾರೆ. ಬಿಸಿನೀರಲ್ಲಿ ಕೈ, ಒದ್ದೆ ನೆಲದಲ್ಲಿ ಕಾಲು. ಅವರಲ್ಲಿ ಒಬ್ಬ ತಾತನಿಗೆ ಸಕ್ಕರೆ ಕಾಯಿಲೆ. ಪಾದದ ಅಡಿಯಲ್ಲಿ ಹುಣ್ಣು, ಅದಕ್ಕೆ ಕಾಫಿಪುಡಿ ತುಂಬಿಕೊಂಡು ಬಂದಿದ್ದರು. ನಾನು ಬೈಯಲಿಲ್ಲ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. "ತಾತ, ಪುಡಿ ಇದ್ದರೆ ಒಳಗೆ ಏನಾಗ್ತಿದೆ ಅಂತ ನನಗೆ ಕಾಣಲ್ಲ" ಅಂದೆ ಅಷ್ಟೇ.

ಪಟ್ಟಿ ಬಿಚ್ಚುವಾಗ ಅವರು ಒಂದು ಸಲವೂ ನೋವು ಅನ್ನಲಿಲ್ಲ. ಹೊಸಬರು ಇಲ್ಲೇ ಮೋಸಹೋಗುವುದು. ಸಕ್ಕರೆಯಿಂದ ಪಾದದ ನರಗಳು ಮರಗಟ್ಟಿರುತ್ತವೆ, ಮಾಂಸ ಕಿತ್ತು ಬಂದರೂ ಗೊತ್ತಾಗದು. ಅವರು ಸುಮ್ಮನಿದ್ದಷ್ಟೂ ನಾನು ಇನ್ನೂ ನಿಧಾನ ಮಾಡುತ್ತಿದ್ದೆ. ಬೆರಳ ಸಂದಿ ಒರೆಸಿ ಒಣಗಿಸುತ್ತಿದ್ದೆ. ಪಟ್ಟಿ ಕಟ್ಟಿದ ಮೇಲೆ ಬೆರಳ ತುದಿ ತಣ್ಣಗಾಗಿದೆಯಾ, ಬಣ್ಣ ಬದಲಾಗಿದೆಯಾ ನೋಡುತ್ತಿದ್ದೆ, ಬಿಗಿ ಹೆಚ್ಚಾದರೆ ರಕ್ತ ಓಡುವುದಿಲ್ಲ. ವಾರಕ್ಕೊಮ್ಮೆ ಉದ್ದ, ಅಗಲ ಅಳೆದು ಬರೆಯುತ್ತಿದ್ದೆ. "ಇವತ್ತು ಎಷ್ಟಮ್ಮಾ?" ಅಂತ ತಾತನೇ ಕೇಳುತ್ತಿದ್ದರು.

ಹುಣ್ಣು ಮುಚ್ಚಿದ ದಿನ ಒಂದು ಚಿಕ್ಕ ಕನ್ನಡಿ ತಗೊಳ್ಳಿ, ದಿನಾ ಪಾದದ ಅಡಿ ನೋಡಿಕೊಳ್ಳಿ ಅಂದಿದ್ದೆ. ಹೋದ ವಾರ ತಾತ ಮತ್ತೆ ಬಂದರು. ಇನ್ನೊಂದು ಕಾಲಿನ ಹೆಬ್ಬೆರಳ ಕೆಳಗೆ ಕಡಲೆಕಾಳಿನಷ್ಟು ಗುಳ್ಳೆ. ಬೆಳಿಗ್ಗೆ ಕನ್ನಡಿಯಲ್ಲಿ ಕಂಡಿತಂತೆ. ರೇಷ್ಮೆಗೂಡು ಬೇಯಿಸಲು ಒಲೆ ಹಚ್ಚುವ ಮೊದಲೇ ಬಸ್ ಹತ್ತಿದ್ದರು.